ಉಪವಾಸದ ಭತ್ತ

ತೊಂಬತ್ತರ ದಶಕದ ಕೊನೆ. ಪುಣೆಯಲ್ಲಿ ಸಂಶೋಧನೆಗೆ ಸೇರಿದ್ದ ನನಗೆ ಭತ್ತದ ಹುಚ್ಚು ಹಿಡಿದಿತ್ತು. ಫಾಸ್ಫೇಟ್ ಎಷ್ಟೇ ಕಡಿಮೆಯಿದ್ದರೂ ಭತ್ತದ ಬೇರು ಅದನ್ನು ಹುಡುಕಿ ಎಳೆದುಕೊಳ್ಳುತ್ತದೆ. ಸಿಗದೇ ಹೋದರೆ ಗಿಡ ಹಳೆಯ ಎಲೆಯಲ್ಲಿದ್ದದ್ದನ್ನೇ ಎಳೆಯ ಎಲೆಗೆ ಸಾಗಿಸುತ್ತದೆ. ಎಂಥ ಜಾಣ ಗಿಡ! ಪ್ರಯೋಗಾಲಯದಲ್ಲಿ ಬಿಸಿಲಿಲ್ಲವೆಂದು ಹಡಪಸರದ ನಮ್ಮ ಮನೆಯ ಗಚ್ಚಿಯ ಮೇಲೆ ಎರಡು ಟಬ್ಬು ಇಟ್ಟು, ಗೊಬ್ಬರ ಕರಗಿಸಿದ ನೀರಿನಲ್ಲೇ ಸಸಿ ಬೆಳೆಸಿದೆ. ಒಂದರಲ್ಲಿ ಎಲ್ಲ ಇತ್ತು. ಇನ್ನೊಂದರಲ್ಲಿ ಫಾಸ್ಫೇಟ್ ಒಂದೇ ಇರಲಿಲ್ಲ.

ಉಪವಾಸದ ಸಸಿಗಳು ಗಿಡ್ಡಾದವು, ಕೆಳಗಿನ ಎಲೆಗಳು ತುದಿಯಿಂದ ಒಣಗತೊಡಗಿದವು. ನಾನು ಕುಣಿದಾಡಿದೆ. ಆಮೇಲೆ ಏನಾಯಿತೋ, ಅವೂ ಚಿಗುರಿ ತೆಂಡೆ ಒಡೆದವು! ನನ್ನ ಮಾರ್ಗದರ್ಶಕರು ಬಂದು ನೋಡಿ, "ಎರಡೂ ಒಂದೇ ಆಗಿವೆ. ಇನ್ನೊಮ್ಮೆ ಹೀಗಾದರೆ ವಿಷಯ ಬದಲಿಸು" ಎಂದು ಮರಾಠಿಯಲ್ಲಿ ಹೇಳಿ ಹೋದರು. ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುವುದರಲ್ಲಿತ್ತು.

ಅವ್ವ ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ನಾನ ಬಂಬಿನ ಬೂದಿ ಹಾಕೇನಿ" ಅಂದಳು. "ಅರಿವಿ ಒಣಹಾಕಾಕ ಬಂದಾಗೆಲ್ಲ ಕಣ್ಣಿಗೆ ಬೀಳತಿದ್ವು. ಒಂದು ಉಂಡು ಬೆಳದದ, ಒಂದು ಉಪವಾಸ ಅದ. ಹೆಂಗ ನೋಡ್ಕೋತ ಇರ್ಲಿ?"

ಸ್ನಾನದ ನೀರು ಕಾಯಿಸುವ ಬಂಬಿಗೆ ಅವ್ವ ಸಗಣಿಯ ಕುಳ್ಳು ಹಾಕುತ್ತಿದ್ದಳು. ಕುಳ್ಳಿನ ಬೂದಿಯಲ್ಲಿ ಫಾಸ್ಫೇಟ್ ಇದ್ದೇ ಇರುತ್ತದೆ! ಸಿಟ್ಟು ಬರಬೇಕಿತ್ತು, ಬಂದದ್ದು ಖುಷಿ. ಅಷ್ಟೇ ಅಷ್ಟು ಬೂದಿಯಿಂದ ಬೇರು ತನಗೆ ಬೇಕಾದದ್ದನ್ನು ಹೆಕ್ಕಿ ಚಿಗುರಿಗೆ ಮುಟ್ಟಿಸಿತ್ತು. ಅವ್ವನನ್ನು ಗಟ್ಟಿಯಾಗಿ ಅಪ್ಪಿಕೊಂಡೆ.

"ಬೈಯಂಗಿಲ್ಲೇನ?" ಅಂದಳು, ನಂಬಿಕೆಯಿಲ್ಲದೆ.

ಮತ್ತೆ ಹೊಸ ಸಸಿ ಇಟ್ಟೆ. ಅವ್ವ ಅರಿವೆಗಳನ್ನು ಕೆಳಗೇ ಒಣಹಾಕಿದಳು, ಗಚ್ಚಿ ಹತ್ತಲಿಲ್ಲ. ಹತ್ತಿದರೆ ತನ್ನ ಕೈ ಸುಮ್ಮನಿರುವುದಿಲ್ಲವೆಂದು ಅವಳಿಗೇ ಗೊತ್ತಿತ್ತು. ಸಂಜೆ ನಾನು ಇಳಿದು ಬಂದರೆ ಸಾಕು, "ಜೀವ ಹಿಡದಾವೇನ?" ಎಂದು ಕೇಳುತ್ತಿದ್ದಳು. ಈ ಸಲ ಹಳೆಯ ಎಲೆಗಳು ಒಣಗುತ್ತ ಹೋದವು, ನಡುವಿನ ಎಳೆ ಎಲೆ ಮಾತ್ರ ಹಸಿರಾಗಿಯೇ ಉಳಿಯಿತು. ಮಾರ್ಗದರ್ಶಕರು ಬಗ್ಗಿ ನೋಡಿದರು, ನಕ್ಕರು, "ಇದೇ ವಿಷಯ ಮುಂದುವರಿಸು" ಎಂದರು. ನನಗೆ ಆಕಾಶ ಮೂರೇ ಗೇಣು!

ಇನ್ನು ಉಳಿದದ್ದು ಫಾಸ್ಫೇಟ್ ಕೊಟ್ಟು ಸಸಿ ಚೇತರಿಸಿಕೊಳ್ಳುವುದನ್ನು ನೋಡುವುದು. ಅಳೆದಿಟ್ಟ ಬಾಟಲಿ ಹಿಡಿದು ಗಚ್ಚಿಯಿಂದಲೇ ಕೂಗಿದೆ. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೆಟ್ಟಿಲು ಓಡಿ ಹತ್ತಿದಳು. ಬಾಟಲಿಯನ್ನು ಅವಳ ಕೈಗೇ ಕೊಟ್ಟೆ.

"ಎಷ್ಟು ಹಾಕ್ಲಿ?"

"ಅಷ್ಟೂ ಹಾಕು, ಅವ್ವಾ."