ಕೆರೆ ದಾರಿಯಲ್ಲಿ ಉಳಿದ ಗಂಟು

ನಮ್ಮೂರಿಗೆ ಬಸ್ಸು ಬಂದು ಮೂರು ತಿಂಗಳೂ ಆಗಿರಲಿಲ್ಲ. ನಾಗಮಂಗಲದಿಂದ ಬೆಳಿಗ್ಗೆ ಹೊರಟು, ಹಾದಿಯುದ್ದಕ್ಕೂ ಜನರನ್ನು ತುಂಬಿಕೊಂಡು, ಈಗಿನ ಪಾಂಡವಪುರದ ರೈಲ್ವೆ ಸ್ಟೇಷನ್ನಿಗೆ ತಂದು ಇಳಿಸುತ್ತಿತ್ತು. ಆಗ ಅದಕ್ಕೆ ಫ್ರೆಂಚ್ ರಾಕ್ಸ್ ಎಂದು ಹೆಸರು. ನಮ್ಮವರ ಬಾಯಲ್ಲಿ ಬರೀ ಟೇಸನ್ನು. ಅದಕ್ಕೂ ಮುಂಚೆ ರೈಲು ಹಿಡಿಯಬೇಕೆಂದರೆ ಕೋಳಿ ಕೂಗುವ ಮೊದಲೇ ಗಾಡಿ ಕಟ್ಟಿ ಕೆರೆ ಏರಿಯ ಮೇಲೆ ಹೋಗಬೇಕಿತ್ತು.

ಆ ವರ್ಷ ನಾನು ಲೋಯರ್ ಸೆಕೆಂಡರಿ ಪಾಸು ಮಾಡಿದ್ದೆ. ಮೈಸೂರಿನಲ್ಲಿ ಉಪಾಧ್ಯಾಯಿನಿಯರನ್ನು ತಯಾರು ಮಾಡುವ ಶಾಲೆಯೊಂದರಿಂದ ಕಾಗದ ಬಂತು. ಗುರುವಾರ ಸಂಜೆ ಐದರೊಳಗೆ ಸರ್ಟಿಫಿಕೇಟು ತಂದು ತೋರಿಸಿದರೆ ಸೀಟು, ಇಲ್ಲವಾದರೆ ಇಲ್ಲ. ತಪ್ಪಿದರೆ ಮುಂದೇನು ಎಂಬುದು ನನಗೆ ಗೊತ್ತಿತ್ತು. ಕೃಷ್ಣರಾಜಪೇಟೆ ಕಡೆಯ ಗಂಡಿನವರು ಆಗಲೇ ಒಂದು ಸಲ ಬಂದು ನೋಡಿಕೊಂಡು ಹೋಗಿದ್ದರು.

ಅಪ್ಪ ಬೇಸಾಯದವನು. ಓದು ಬರಹ ಅಷ್ಟಕ್ಕಷ್ಟೆ, ಆದರೆ ಪಂಚಾಂಗದ ಮಾತು ಬಂದರೆ ಜೋಯಿಸರಿಗೇ ಪಾಠ ಹೇಳುವಂಥವನು. ಗುರುವಾರ ದಕ್ಷಿಣಕ್ಕೆ ವಾರಶೂಲೆ, ಆ ದಿಕ್ಕಿಗೆ ಹೊರಡಬಾರದು. ಮೈಸೂರೋ ನೆಟ್ಟಗೆ ದಕ್ಷಿಣಕ್ಕಿದೆ. ಇಂಥದ್ದಕ್ಕೆ ನಮ್ಮಲ್ಲಿ ಪ್ರಸ್ಥಾನ ಇಡುತ್ತಿದ್ದರು. ಹಿಂದಿನ ದಿನವೇ ಒಳ್ಳೆಯ ಗಳಿಗೆ ನೋಡಿ ಪ್ರಯಾಣದ ಗಂಟೊಂದನ್ನು ದಾರಿಯ ಮೇಲಿನ ಯಾರದಾದರೂ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಆಗಲೇ ಶುರುವಾದಂತೆ. ಮಾರನೆಯ ದಿನ ಹೋಗುತ್ತಾ ಗಂಟನ್ನು ಎತ್ತಿಕೊಂಡರಾಯಿತು. ಬುಧವಾರ ಅಪ್ಪ ಎಲೆ ಅಡಿಕೆ, ನನ್ನದೊಂದು ಸೀರೆ, ಸೀರೆಯ ಮಡಿಕೆಯಲ್ಲಿ ಸರ್ಟಿಫಿಕೇಟು, ಎಲ್ಲವನ್ನೂ ಪಂಚೆಯಲ್ಲಿ ಕಟ್ಟಿ ಗಾಡಿ ಕಾಲದ ರೂಢಿಯಂತೆ ಕೆರೆ ಏರಿಯ ಪಕ್ಕದಲ್ಲಿದ್ದ ಒಬ್ಬ ಅಜ್ಜಿಯ ಮನೆಯಲ್ಲಿ ಇಟ್ಟು ಬಂದ.

“ಓಗ್ಬೇಕಾಗಿರದು ಈ ಕಾಗ್ದಾನೇ ಅಲ್ವಾ? ಅದು ಒಳ್ಳೆ ಗಳಿಗೇಲಿ ಒಂಟ್ರೆ ನಾವೂ ಒಂಟಂಗೇಯ,” ಎಂದ.

ಗುರುವಾರ ಬೆಳಿಗ್ಗೆ ಬಸ್ಸು ಮನೆ ಬಾಗಿಲಿಗೇ ಬಂದು ಪೋಂ ಪೋಂ ಎಂದಿತು. ಸಡಗರದಲ್ಲಿ ಹತ್ತಿ ಕುಳಿತೆವು. ಬಸ್ಸು ಹೋದದ್ದು ದೊಡ್ಡ ರಸ್ತೆಯಲ್ಲಿ. ಕೆರೆ ದಾರಿಯ ನೆನಪು ನಮಗೆ ಬಂದದ್ದು ಸ್ಟೇಷನ್ನಿನಲ್ಲಿ, ರೈಲು ಕಾಣಿಸಿಕೊಂಡ ಮೇಲೆ.

“ಅಯ್ಯೋ, ಗಂಟು!” ಎಂದು ಅಪ್ಪ ತಲೆಯ ಮೇಲೆ ಕೈ ಹೊತ್ತ.

ನನಗೆ ಮೈಯೆಲ್ಲ ಉರಿಯಿತು. “ನಿನ್ ಶಾಸ್ತ್ರ ಯಾರ್ ಕೇಳಿದ್ರು? ಕಾಗ್ದ ನನ್ ಕೈಲಿದ್ದಿದ್ರೆ ಇಂಗಾಗ್ತಿತ್ತಾ?” ಎಂದು ಜನರೆದುರಿಗೇ ಕೂಗಾಡಿದೆ. ಅಪ್ಪ ನನ್ನನ್ನು ಹೆಂಗಸರ ಡಬ್ಬಿಗೆ ಹತ್ತಿಸಿ, “ನೀನು ಓಗಿ ಕೂತಿರು ಕಣವ್ವ. ಮದ್ಯಾನದ ಬಸ್ಸು ಮೈಸೂರ್ಗೇ ಓಯ್ತದೆ. ಅದ್ರಲ್ಲಿ ತರ್ತೀನಿ,” ಎಂದ. ರೈಲು ಹೊರಟಾಗ ಅವನು ಬಿರಬಿರನೆ ಊರ ಕಡೆಗೆ ನಡೆಯುತ್ತಿದ್ದದ್ದು ಕಿಟಕಿಯಿಂದ ಕಂಡಿತು.

ಒಬ್ಬಳೇ ರೈಲಿನಲ್ಲಿ ಕುಳಿತದ್ದು ಅದೇ ಮೊದಲು. ಶ್ರೀರಂಗಪಟ್ಟಣದ ಮೊದಲ ಸೇತುವೆಯ ಮೇಲೆ ಎಲ್ಲರೂ ಕಾವೇರಿಗೆ ಕೈ ಮುಗಿದರು. ಸಿಟ್ಟಿನಲ್ಲಿದ್ದ ನಾನು ಮುಗಿಯಲಿಲ್ಲ. ಪಟ್ಟಣ ದಾಟಿ ಎರಡನೆಯ ಸೇತುವೆ ಬರುವಷ್ಟರಲ್ಲಿ ಭಯವಾಗಿ ಮುಗಿದುಬಿಟ್ಟೆ. ಮೈಸೂರಿನಲ್ಲಿ ಇಳಿದು ದಾರಿ ಕೇಳುತ್ತಾ ಶಾಲೆ ಮುಟ್ಟಿದೆ.

ಹೆಡ್‌ಮಿಸ್ಟ್ರೆಸ್ ಎಲ್ಲವನ್ನೂ ಕೇಳಿ, “ಐದರವರೆಗೆ ಕಾಯ್ತೀನಮ್ಮ, ಆಮೇಲೆ ನನ್ನ ಕೈಲಿಲ್ಲ,” ಎಂದರು. ಗೇಟಿನ ಒಳಗೆ ಕಲ್ಲುಬೆಂಚಿನ ಮೇಲೆ ಕುಳಿತೆ. ಅಪ್ಪನನ್ನು ಮನಸ್ಸಿನಲ್ಲೇ ಬೈದೆ. ನಾಲ್ಕು ಹೊಡೆದ ಮೇಲೆ ಬೈಯುವ ಶಕ್ತಿಯೂ ಉಳಿಯಲಿಲ್ಲ.

ನಾಲ್ಕೂವರೆ ದಾಟಿದ ಮೇಲೆ ಅಪ್ಪ ಬಂದ. ಮೈ ಮುಖವೆಲ್ಲ ಧೂಳು. ಗೇಟಿನ ಹೊರಗೇ ನಿಂತು ಗಂಟನ್ನು ಒಳಕ್ಕೆ ಸರಿಸಿ, “ಎತ್ಕೊಂಡ್ ಓಗವ್ವ, ಬೇಗ,” ಎಂದ.

“ನೀನೂ ಬಾ.”

“ಇಲ್ಲ ಕಣವ್ವ. ನಾವು ಬರ್ನಿಲ್ಲ ಅಂತ ಅಜ್ಜಿ ಗಂಟ್ನ ತಿರ್ಗಾ ನಮ್ಮನೇಗೇ ತಂದು ಮಡಗ್ಬುಟ್ಟಿತ್ತು. ಅಲ್ಗೆ ಇಟ್ಟಿದ್ ಪ್ರಸ್ತಾನ ಕೆಡ್ತು, ಮನೆ ಒಳೀಕ್ ಓಗಿ ಒಸ್ದಾಗಿ ಒಂಟೆ. ಬಸ್ಸು ಬಂದಿದ್ದು ಒಂದೂವರೆ ಮೇಲೆ, ಸರ್ಯಾಗಿ ರಾವುಕಾಲ. ಗುರ್ವಾರ ಬ್ಯಾರೆ. ಆ ಕೆಟ್ಟದ್ದೆಲ್ಲ ನನ್ ಮ್ಯಾಲಿರ್ಲಿ. ನಾನ್ ಒಳೀಕ್ ಬಂದು ನಿನ್ ಕೆಲ್ಸಕ್ಕೆ ತಾಕದ್ ಬ್ಯಾಡ.”

ಅದುವರೆಗೆ ಒಮ್ಮೆಯೂ ರಾಹುಕಾಲದಲ್ಲಿ ಹೊಸಿಲು ದಾಟದ ಮನುಷ್ಯ. ಬೆಳಿಗ್ಗೆ ಆಡಿದ ಮಾತಿಗೆ ನಾಚಿಕೆಯಾಯಿತು, ಅಳುವೂ ಬಂತು. ಗಂಟನ್ನು ಕಂಕುಳಲ್ಲಿಟ್ಟುಕೊಂಡು ಅವನ ಕೈ ಹಿಡಿದು ಎಳೆದೆ. “ಬ್ಯಾಡ ಕಣವ್ವ, ಬ್ಯಾಡ,” ಎನ್ನುತ್ತಲೇ ಬಂದ. ಹೆಡ್‌ಮಿಸ್ಟ್ರೆಸ್ ಪುಸ್ತಕದಲ್ಲಿ ನನ್ನ ಹೆಸರು ಬರೆದು ಮುಗಿಸುವವರೆಗೂ ಆ ಕೈಯನ್ನು ನಾನು ಬಿಡಲಿಲ್ಲ.