ಮುರಿದ ಆಕ್ಸಲ್‌ನ ಎರಡು ಬಣ್ಣ

ತಾಂಬರಂನ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ರಾಘು ನಮ್ಮ ಜೀಪಿನ ಹಿಂದಿನ ಆಕ್ಸಲ್ ಬಿಚ್ಚಿ ಹೊರಗೆಳೆದರು. ಎರಡೇ ವರ್ಷದ ಗಾಡಿ, ಆಗಲೇ ಆಕ್ಸಲ್ ತುಂಡು. ನಿನ್ನೆ ಕಡಲ ತೀರದ ಮರಳಿನಲ್ಲಿ ಚಕ್ರ ಹೂತಾಗ ಓಡಿಸುತ್ತಿದ್ದವಳು ನನ್ನ ಹೆಂಡತಿ ವೀಣಾ. "ಅಷ್ಟು ಜೋರಾಗಿ ಆಕ್ಸಿಲರೇಟರ್ ತುಳೀತಾರಾ ಯಾರಾದ್ರೂ?" ಎಂದು ಅಲ್ಲೇ ರೇಗಿದ್ದೆ. ಆಗಿನಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಳು; ನಡೆದದ್ದನ್ನು ನಾನು ರಾಘು ಅವರಿಗೆ ಹೇಳುವಾಗಲೂ ಪಕ್ಕದಲ್ಲಿ ಮುಖ ತಿರುಗಿಸಿ ನಿಂತಿದ್ದಳು.

ರಾಘು ಅವರದು ಮೂರು ತಲೆಮಾರಿನಿಂದ ಇಲ್ಲೇ ನೆಲೆಸಿ, ಮಾತಿಗೆ ತಮಿಳು ಬೆರೆತ ಕನ್ನಡದ ಮನೆ. ಮುರಿದ ತುದಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದರು. ಅರ್ಧ ಭಾಗ ಕಪ್ಪಾಗಿತ್ತು, ಇನ್ನರ್ಧ ಬೆಳಗಿದ ಪಾತ್ರೆಯಂತೆ ಹೊಳೆಯುತ್ತಿತ್ತು.

"ಪಾರುಂಗೋ ಸಾರ್, ಕಪ್ಪಗಿರೋದು ಹಳೇ ಬಿರುಕು. ಹೊಳೀತಿರೋದು ಮಾತ್ರ ನಿನ್ನೇದು. ಅಮ್ಮಾ ಮೇಲೆ ತಪ್ಪೇ ಇಲ್ಲೆ."

ಆಮೇಲೆ ಚಕ್ರದ ಕಡೆ ತಿರುಗಿದರು. "ಈ ಗಾಡಿಗೆ ಇಷ್ಟು ದೊಡ್ಡ ಟೈರಾ? ಪಾಪ, ಆಕ್ಸಲ್ ಎಷ್ಟು ದಿನ ಭಾರ ತಾಂಗತ್ತೆ? ಯಾರು ಸಾರ್ ಹಾಕ್ಸಿದ್ದು?"

ವೀಣಾ ಬೇಡವೆಂದರೂ ಕೇಳದೆ, ನೋಡಲು ಚೆಂದವೆಂದು ಹಾಕಿಸಿದವನು ನಾನು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು:

"ನಾವು ತಗೊಳ್ಳೋವಾಗ್ಲೇ ಹಿಂಗೇ ಇತ್ತಣ್ಣಾ."