ಹಂಡೆ ಒಲೆಗೆ ಹೋದ ಪತ್ರ

2007ನೇ ಇಸವಿ, ಕಾರ್ತಿಕದ ಒಂದು ಸೋಮವಾರ, ಬೆಳಿಗ್ಗೆ ಏಳೂವರೆ. ಅರಸೀಕೆರೆಯ ಮನೆಯಲ್ಲಿದ್ದವರು ನಾನು ಮತ್ತು ಅಕ್ಕ. ಗೇಟಿನಲ್ಲಿ ಒಂದೇ ಬೈಕಿನಿಂದ ಇಳಿದವರು ಇಬ್ಬರು ವಸೂಲಿಯವರು. ಹಾಸಿಗೆ ಮಡಿಸಿ, ಸ್ನಾನ ಮುಗಿಸಿ ಕಾಫಿಗೆ ಕೂತಿದ್ದೆ. ಸರ್ಕಾರಿ ನರ್ಸ್ ಕೆಲಸದಿಂದ ನಿವೃತ್ತಿಯಾಗಿದ್ದರೂ ಡ್ಯೂಟಿಯ ಗಡಿಯಾರ ನನ್ನನ್ನು ಬಿಟ್ಟಿರಲಿಲ್ಲ.

ಒಬ್ಬ ಗೇಟಿನಲ್ಲೇ ನಿಂತು ಎದುರುಮನೆಗೂ ಕೇಳುವಂತೆ ಕೂಗಿದ: "ಮೇಡಂ, ಮೊಪೆಡ್ ಸಾಲ ಬಾಕಿ ಐತೆ. ಯಾವಾಗ ಕಟ್ತೀರಾ?"

ಆ ಮೊಪೆಡ್ಡನ್ನು ಹತ್ತು ವರ್ಷದ ಹಿಂದೆ, ಕಣಕಟ್ಟೆಗೆ ಡ್ಯೂಟಿಗೆ ಹೋಗಿಬರಲು ಕಂತಿನ ಮೇಲೆ ಕೊಂಡಿದ್ದೆ. ಸಂಬಳದ ಮರುದಿನವೇ ಕಂತು ಕಟ್ಟುತ್ತಿದ್ದೆ. ಎಲ್ಲ ತೀರಿಸಿ, ಬಾಕಿಯಿಲ್ಲವೆಂಬ ಪತ್ರವನ್ನೂ ತಂದಿದ್ದೆ. ಆಮೇಲೆ ಆ ಫೈನಾನ್ಸ್ ಕಂಪನಿ ಬಾಗಿಲು ಹಾಕಿ, ಹಳೆಯ ಸಾಲಗಳನ್ನು ಇನ್ನೊಂದು ಕಂಪನಿಗೆ ಮಾರಿತು. ನನ್ನ ತೀರಿದ ಸಾಲವೂ ಆ ಸಂತೆಯಲ್ಲಿ ಮಾರಾಟವಾಯಿತು.

ಇದು ನನಗೆ ತಿಳಿದದ್ದು ಹಿಂದಿನ ವಾರ. ಅಕ್ಕನ ಮಗಳು ಬೇಲೂರಿನಲ್ಲಿ ಹೊಲಿಗೆ ಅಂಗಡಿ ಇಡಲು ಬ್ಯಾಂಕ್ ಸಾಲ ಕೇಳಿದ್ದಳು. ಜಾಮೀನು ನನ್ನದು. ಬ್ಯಾಂಕಿನವರು ನನ್ನ ಹಳೆಯ ಸಾಲಗಳ ವರದಿ ತರಿಸಿ, ಅದರಲ್ಲಿ ಮೊಪೆಡ್ ಸಾಲ ಬಾಕಿಯೆಂದು ಇದ್ದದ್ದು ನೋಡಿ, ಅವಳ ಅರ್ಜಿಯನ್ನು ಪಕ್ಕಕ್ಕಿಟ್ಟರು. ಮಳಿಗೆಯ ಮಾಲೀಕ ಈ ಸೋಮವಾರ ಸಂಜೆಯ ತನಕ ಮಾತ್ರ ಕಾಯುತ್ತೇನೆಂದಿದ್ದ. ಅದು ತಪ್ಪಿದರೆ ಮಳಿಗೆ ಬೇರೆಯವರ ಪಾಲು.

"ಹೊಸ ಸಾಲಕ್ಕೆ ಜಾಮೀನು ನಿಲ್ಲೋಕೆ ಹೊಂಟಿದ್ದೀರಂತೆ. ಮೊದ್ಲು ಹಳೇದು ತೀರಿಸ್ಬೇಕಲ್ವಾ?"

ಬ್ಯಾಂಕು ವಿಚಾರಿಸಿದ ವಾಸನೆ ಹಿಡಿದೇ ಬಂದಿದ್ದರು.

"ತೀರಿಸಿದ್ದೀನಿ ಕಣ್ರೀ. ಕೂಗ್ಬೇಡಿ, ನನಗೆ ಕಿವಿ ಕೇಳುತ್ತೆ."

"ಹಂಗಾರೆ ಪತ್ರ ತೋರ್ಸಿ, ಹೊಂಟೋಯ್ತೀವಿ."

ಅಕ್ಕನಿಗೆ ಹೇಳದೆ ವಾರವಿಡೀ ಟ್ರಂಕು ತಡಕಿದ್ದೆ. ಪತ್ರವೊಂದನ್ನು ಬಿಟ್ಟು ಎಲ್ಲ ಇತ್ತು. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದಳು.

"ಯಾವ್ ಪತ್ರನೇ? ಆ ಗಾಡಿ ಸಾಲದ್ದಾ? ಅದ್ನ ಆವತ್ತೇ ಹಂಡೆ ಒಲೆಗೆ ಹಾಕ್ದೆ ಕಣೇ. ತೀರಿದ್ ಸಾಲದ ಕಾಗ್ದ ಯಾರಾದ್ರೂ ಮನೇಲಿ ಮಡಿಕ್ಕತಾರಾ?"

ಅಕ್ಕನನ್ನು ಕೊಟ್ಟದ್ದು ಕೊಬ್ಬರಿ ವ್ಯಾಪಾರದ ಮನೆಗೆ. ಅಲ್ಲಿ ಸಾಲ ತೀರಿದ ದಿನವೇ ಪತ್ರ ಹರಿದು ಒಲೆಗೆ ಹಾಕುತ್ತಿದ್ದರು. ಇಟ್ಟುಕೊಂಡರೆ ಸಾಲ ಮತ್ತೆ ಮನೆ ಹುಡುಕಿಕೊಂಡು ಬರುತ್ತದೆಂಬ ಭಯ. ನನ್ನ ಮನೆಗೆ ಬಂದ ಮೇಲೂ ಆ ರೂಢಿ ಬಿಡದೆ, ನನ್ನ ಒಳ್ಳೆಯದಕ್ಕೆಂದೇ ಸುಟ್ಟಿದ್ದಳು.

ಬೈಕಿಗೆ ಒರಗಿ ನಿಂತಿದ್ದ ಇನ್ನೊಬ್ಬ ನಕ್ಕ. "ಹಂಗಾರೆ ಆ ಒಲೇನೇ ಬ್ಯಾಂಕಿಗೆ ಹೊತ್ಕೊಂಡೋಗಿ ಅಜ್ಜಿ, ಸಾಕ್ಷಿ ಹೇಳುತ್ತೆ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಾನು ಕಾಫಿ ಲೋಟ ತೊಳೆದಿಟ್ಟು ಸೀರೆ ಬದಲಿಸಿದೆ.

ಕಣ್ಣಿನ ಪೊರೆ ತೆಗೆಸಲೆಂದು ಅಂಚೆ ಕಚೇರಿಯಲ್ಲಿಟ್ಟಿದ್ದ ದುಡ್ಡು ಬಿಡಿಸಿ, ವಸೂಲಿಯವರ ಆಫೀಸಿಗೆ ಹೋಗಿ, ಒಮ್ಮೆ ತೀರಿಸಿದ ಸಾಲವನ್ನು ಬಡ್ಡಿ ಸಮೇತ ಇನ್ನೊಮ್ಮೆ ತೀರಿಸಿದೆ. ಬೆಳಿಗ್ಗೆ ಕೂಗಿದವನೇ ಕುರ್ಚಿ ಎಳೆದು, "ಟೀ ತರ್ಸ್ಲಾ ಮೇಡಂ?" ಎಂದ. ಬಾಕಿಯಿಲ್ಲವೆಂಬ ಹೊಸ ಪತ್ರವನ್ನು ನಿಂತೇ ಓದಿ, ಮೊಹರು ಹಾಕಿಸಿಕೊಂಡೆ.

ಹಳೇಬೀಡಿನ ಮೇಲೆ ಹೋಗುವ ಬಸ್ಸಿನಲ್ಲಿ ಬೇಲೂರು ತಲುಪಿದಾಗ ಬ್ಯಾಂಕಿನಲ್ಲಿ ಊಟದ ಹೊತ್ತು ಮುಗಿದಿತ್ತು. ಅಧಿಕಾರಿ ಪತ್ರ ನೋಡಿ ಅರ್ಜಿಗೆ ಸಹಿ ಹಾಕಿದರು.

"ಇಷ್ಟೇ ಅಲ್ವಾ ಮೇಡಂ? ಹೋದ ವಾರಾನೇ ತಂದಿದ್ರೆ ಆಗ್ತಿತ್ತು. ಕಾಗದ ಪತ್ರ ಜೋಪಾನವಾಗಿ ಇಟ್ಕೋಬೇಕು."

ಹೊರಗೆ ಬಂದ ಮೇಲೆ ಅಕ್ಕನ ಮಗಳು ನನ್ನ ಕೈ ಹಿಡಿದಳು. "ಚಿಕ್ಕಮ್ಮ, ಎಲ್ಲಿ ಸಿಕ್ತು?"

"ಸಿಕ್ತು. ನೀನು ಮೊದ್ಲು ಮಳಿಗೆಯವರ ಹತ್ರ ಹೋಗು."

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಕ್ಕ ಬೆಳಗಿನಿಂದ ಊಟ ಮಾಡಿರಲಿಲ್ಲ. "ಆಯ್ತಾ?" ಎಂದಳು. "ಆಯ್ತು" ಎಂದೆ. ಇಬ್ಬರೂ ಮುದ್ದೆ ಉಂಡೆವು.

ಬೆಳಗಿನ ಸ್ನಾನದ ನೀರಿಗೆ ಹಂಡೆ ಒಲೆ ಒಟ್ಟಿಡುವುದು ದಿನದ ಕೊನೆಯ ಕೆಲಸ, ಅದು ನನ್ನದು. ತೆಂಗಿನ ಮಟ್ಟೆ ಜೋಡಿಸಿದೆ. ಹೊತ್ತಿಸಲು ಬೇಕಾದ ಹಳೆಯ ಪೇಪರನ್ನು ಅಕ್ಕ ಎಂದಿನಂತೆ ತಂದು ಕೊಟ್ಟಳು. ಅವಳು ನೋಡುತ್ತಿದ್ದಾಳೆಂದು ಗೊತ್ತಿದ್ದೂ, ಒಂದೊಂದು ಹಾಳೆಯನ್ನು ಎರಡೂ ಕಡೆ ತಿರುಗಿಸಿ ನೋಡಿ ಒಲೆಗಿಟ್ಟೆ.